ಬಾಡಿಗೆ ಮನೆಗಾಗಿ ಪಾಲಿಕೆ ಒಂದು ಠರಾವು ಮಾಡಲಿ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯ ಸೇಡಂ ರಸ್ತೆ ಕಡೆ ಬಾಡಿಗೆ ಮನೆಯಲ್ಲಿ ಇರುವವಳು. ಸಂಬಳ ಕೊಡುವುದು ಬೆಂಗಳೂರಿನ ಕಂಪನಿ, ಬರೆಯುವ ಲೆಕ್ಕ ಅಮೆರಿಕದವರದು. ಅಲ್ಲಿನವರ ತೆರಿಗೆ ರಿಟರ್ನ್ ಇಲ್ಲಿಂದ ತಯಾರು ಮಾಡಿ ಕಳಿಸುತ್ತೇನೆ. ರಾತ್ರಿಯೆಲ್ಲ ಲ್ಯಾಪ್‌ಟಾಪ್, ಬೆಳಿಗ್ಗೆ ನಿದ್ದೆ. ಜನವರಿಯಿಂದ ಏಪ್ರಿಲ್‌ವರೆಗೆ ಮನೆಯವರ ಮುಖ ನೋಡುವುದೂ ಕಷ್ಟ.

ಈ ಕೆಲಸದಲ್ಲಿ 8609 ಅನ್ನುವ ಒಂದು ಫಾರಂ ಆಗಾಗ ಕೈಗೆ ಬರುತ್ತದೆ. ಕಡಿಮೆ ಆದಾಯದವರಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿದ ಕಟ್ಟಡಗಳ ಫಾರಂ ಅದು. ಒಂದು ಕಟ್ಟಡಕ್ಕೆ ಒಂದು. ಮೊದಲ ವರ್ಷ ಸುಮ್ನೆ ಅಂಕಿ ತುಂಬಿದೆ. ಎರಡನೇ ವರ್ಷ ಇದೇನು ನೋಡೇ ಬಿಡೋಣ ಅಂತ ಕೂತು ಓದಿದೆ. ಓದುತ್ತಿದ್ದಾಗ ತಲೆಯಲ್ಲಿ ಇದ್ದದ್ದು ಮಾತ್ರ ನಮಗೆ ರೊಟ್ಟಿ ತಂದುಕೊಡುವ ಅಕ್ಕನ ಖೋಲಿ.

ಅಕ್ಕ ಜೇವರ್ಗಿ ತಾಲ್ಲೂಕಿನವರು. ಕಪನೂರ ಕಡೆ ಇದ್ದಾರೆ. ಗಂಡನಿಗೆ ದಾಲ್ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ. ಕಳೆದ ಮೇ ತಿಂಗಳಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಸಾಲಾಗಿ ಆರು ಖೋಲಿ, ಮೇಲೆ ತಗಡು, ಕೆಳಗೆ ಶಹಾಬಾದ್ ಫರಸಿ. ತಗಡಿನ ಮೇಲೆ ಗೋಣಿಚೀಲ ಹಾಸಿ ತಾಸಿಗೊಮ್ಮೆ ನೀರು ಹೊಡೆಯುತ್ತಿದ್ದರು. ಆ ನೀರನ್ನೂ ಕೊಡದಲ್ಲಿ ಹೊತ್ತು ತರಬೇಕು. ‘ಒಳಗ ಕುಂತ್ರ ಹಂಚಿನ ಮ್ಯಾಲ ಕುಂತಂಗ ಆಗ್ತದ್ರಿ’ ಅಂದರು. ಬಾಡಿಗೆ 3,500 ರೂಪಾಯಿ. ಆರು ಖೋಲಿಗೂ ಒಂದೇ ಮೀಟರ್. ಮಾಲೀಕರು ಕರಾರು ಪತ್ರ ಬರೆದುಕೊಟ್ಟಿಲ್ಲ. ಅದಿಲ್ಲದೆ ಗೃಹಜ್ಯೋತಿಗೆ ಅರ್ಜಿ ಹಾಕೋದು ಹೇಗೆ? ಹಾಕಿದರೂ ಆರು ಮನೆಯ ಫ್ಯಾನು, ಬಲ್ಬು ಸೇರಿ ಒಂದೇ ಮೀಟರ್‌ನಲ್ಲಿ 200 ಯುನಿಟ್ ಯಾವಾಗಲೋ ದಾಟಿರುತ್ತದೆ. ಕರೆಂಟಿಗೆ ಮಾಲೀಕರು ಹೇಳಿದ್ದೇ ರೇಟು.

ಹಾಗಾದರೆ ಸರ್ಕಾರಿ ಮನೆಗೆ ಅರ್ಜಿ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಊರಲ್ಲಿ ಅವರಿಗೆ ಎರಡು ಅಂಕಣದ ಪಕ್ಕಾ ಮನೆ ಇದೆ, ಅತ್ತೆ ಮಾವ ಅದರಲ್ಲೇ ಇದ್ದಾರೆ. ದೇಶದಲ್ಲಿ ಎಲ್ಲೇ ಪಕ್ಕಾ ಮನೆ ಇದ್ದರೂ ಪ್ರಧಾನಮಂತ್ರಿ ಆವಾಸ್‌ನಲ್ಲಿ ಸ್ವಂತ ಮನೆ ಸಿಗುವುದಿಲ್ಲ. ಅವರಿಗೆ ಇಲ್ಲಿ ಸ್ವಂತ ಮನೆ ಬೇಕಾಗಿಯೂ ಇಲ್ಲ. ಮಕ್ಕಳ ಶಾಲೆ ಮುಗಿಯುವ ತನಕ ಇರಲು ನೆಟ್ಟಗಿನ ಒಂದು ಬಾಡಿಗೆ ಮನೆ ಸಿಕ್ಕರೆ ಸಾಕು. ನಮ್ಮಲ್ಲಿ ವಸತಿ ಯೋಜನೆ ಅಂದರೆ ಸೈಟು, ಹಕ್ಕುಪತ್ರ, ಫೋಟೊ. ಬಾಡಿಗೆದಾರರ ಮಾತೇ ಬರುವುದಿಲ್ಲ.

ಆ 8609 ಫಾರಂ ಹಿಂದೆ ಇರುವ ಅಮೆರಿಕದ ಬಾಡಿಗೆ ಮನೆ ಏರ್ಪಾಟು ಶುರುವಾದದ್ದು 1986ರ ತೆರಿಗೆ ಸುಧಾರಣೆ ಕಾಯ್ದೆಯಿಂದ. ಮನೆ ಕಟ್ಟುವವರಿಗೆ ಸರ್ಕಾರ ಕೈಗೆ ದುಡ್ಡು ಕೊಡುವುದಿಲ್ಲ. ಹತ್ತು ವರ್ಷ, ವರ್ಷಕ್ಕೆ ಇಷ್ಟು ಅಂತ ತೆರಿಗೆಯಲ್ಲಿ ಮುರಿದುಕೊಳ್ಳಲು ಬಿಡುತ್ತದೆ. ಕಟ್ಟುವವರಿಗೆ ಅಷ್ಟು ತೆರಿಗೆ ಎಲ್ಲಿರುತ್ತದೆ? ಬ್ಯಾಂಕಿಗೆ ಇರುತ್ತದೆ. ಬ್ಯಾಂಕು ಪಾಲುದಾರನಾಗಿ ಸೇರಿ ಕಟ್ಟಡಕ್ಕೆ ಮೊದಲೇ ಹಣ ಹಾಕುತ್ತದೆ, ಬದಲಿಗೆ ಆ ತೆರಿಗೆ ಕಡಿತವನ್ನು ತಾನು ತೆಗೆದುಕೊಳ್ಳುತ್ತದೆ. ಸಾಲ ಕಡಿಮೆ ಆಯಿತು ಅಂದರೆ ಬಾಡಿಗೆ ಕಡಿಮೆ ಇಟ್ಟರೂ ನಡೆಯುತ್ತದೆ. ಅದಕ್ಕೆ ಷರತ್ತೂ ಇದೆ. ಸಾಮಾನ್ಯವಾಗಿ ಆ ಭಾಗದ ನಡುಮಟ್ಟದ ಆದಾಯದಲ್ಲಿ ಶೇ 60ಕ್ಕಿಂತ ಕಡಿಮೆ ಇರುವವರಿಗೇ ಮನೆ. ಬಾಡಿಗೆ ಆ ಮಿತಿಯ ಶೇ 30 ದಾಟಬಾರದು, ಅದೂ ಕರೆಂಟು ನೀರಿನ ಖರ್ಚು ಸೇರಿಸಿ. ಹದಿನೈದು ವರ್ಷದೊಳಗೆ ಮಾತು ತಪ್ಪಿದರೆ ಕಡಿತದ ಒಂದು ಪಾಲನ್ನು ಸರ್ಕಾರ ವಾಪಸ್ ವಸೂಲಿ ಮಾಡುತ್ತದೆ.

ಅಲ್ಲೇನು ಎಲ್ಲ ಚೆನ್ನಾಗಿದೆ ಅಂತಲ್ಲ. ನಡುವೆ ವಕೀಲರು, ದಲ್ಲಾಳಿಗಳು, ಲೆಕ್ಕ ಬರೆಯುವವರು ತಿನ್ನುವುದು ಜಾಸ್ತಿ. (ನನ್ನ ಸಂಬಳವೂ ಅದರಲ್ಲೇ ಬರುತ್ತದೆ ಅನ್ನಿ.) ತೀರಾ ಬಡವರಿಗೆ ಆ ಬಾಡಿಗೆಯೂ ಭಾರ. ನನಗೆ ಇಷ್ಟವಾದದ್ದು ಬೇರೆ. ಟೆಕ್ಸಾಸ್ ರಾಜ್ಯದಲ್ಲಿ ಈ ಕಡಿತಕ್ಕೆ ಪೈಪೋಟಿ ಇರುವುದರಿಂದ ಅರ್ಜಿಗಳಿಗೆ ಅಂಕ ಹಾಕುತ್ತಾರೆ. ಊರಿನ ನಗರಸಭೆ ‘ಈ ಯೋಜನೆಗೆ ನಮ್ಮ ಬೆಂಬಲ ಇದೆ’ ಎಂದು ಠರಾವು ಮಾಡಿಕೊಟ್ಟರೆ 17 ಅಂಕ. ‘ನಮ್ಮದೇನೂ ತಕರಾರಿಲ್ಲ’ ಎಂದಷ್ಟೇ ಬರೆದರೆ 14. ಮೂರೇ ಅಂಕದಲ್ಲಿ ಯೋಜನೆ ಕೈತಪ್ಪಬಹುದು. ಹಾಗಾಗಿ ನಗರಸಭೆಯವರು ಎಲ್ಲರ ಎದುರಿಗೆ ಹೌದೋ ಅಲ್ಲವೋ ಹೇಳಲೇಬೇಕು. ಬಡವರು ಬಂದರೆ ನಮ್ಮ ಪ್ಲಾಟಿನ ರೇಟು ಬೀಳುತ್ತದೆ ಅನ್ನುವವರು ಅಲ್ಲೂ ಇದ್ದಾರೆ, ಸಭೆಗೆ ಬಂದು ಜಗಳವನ್ನೂ ಆಡುತ್ತಾರೆ.

ನಮ್ಮಲ್ಲೂ ತೆರಿಗೆ ವಿನಾಯಿತಿ ಕೊಟ್ಟು ನೋಡಿದ್ದಾರೆ. ಆದಾಯ ತೆರಿಗೆ ಕಾಯ್ದೆಯ 80-ಐಬಿಎ ಕಲಂಗೆ 2021ರ ಬಜೆಟ್‌ನಲ್ಲಿ ಬಾಡಿಗೆ ವಸತಿಯನ್ನೂ ಸೇರಿಸಿದರು. 2022ರ ಮಾರ್ಚ್ 31ರೊಳಗೆ ಮಂಜೂರಾದ ಯೋಜನೆಗೆ ಮಾತ್ರ. ಆದರೆ ಅದು ಲಾಭದ ಮೇಲಿನ ವಿನಾಯಿತಿ. ಮೂರು ಸಾವಿರ ಬಾಡಿಗೆಯ ಮನೆಯಲ್ಲಿ ಉಳಿಯುವ ಲಾಭ ಎಷ್ಟು, ಅದರ ಮೇಲಿನ ತೆರಿಗೆ ಎಷ್ಟು? ಊಟವೇ ಇಲ್ಲದವನಿಗೆ ಎಲೆ ಅಡಿಕೆ ಕೊಟ್ಟ ಹಾಗೆ. ಕಟ್ಟುವಾಗ ಬೇಕಾದ ಹಣ ಅದರಿಂದ ಹುಟ್ಟುವುದಿಲ್ಲ.

ಆ ತೆರಿಗೆ ಡೊಂಕನ್ನು ದಿಲ್ಲಿಯವರೇ ತಿದ್ದಬೇಕು, ನಾವು ಇಲ್ಲಿ ಕೂಗಿದರೆ ಆಗುವುದಿಲ್ಲ. ಪಾಲಿಕೆ ಕೈಯಲ್ಲಿರುವುದೇ ಬೇರೆ. ಕೇಂದ್ರ ಸರ್ಕಾರ 2020ರಲ್ಲಿ, ಕೊರೊನಾ ಹೊತ್ತಿನಲ್ಲಿ ಕಾರ್ಮಿಕರು ನಡೆದುಕೊಂಡೇ ಊರಿಗೆ ಹೋದ ಮೇಲೆ, ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ತಂದಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ತಯಾರು ಮಾಡುವುದು, ಇಲ್ಲವೇ ಹೊಸದಾಗಿ ಕಟ್ಟಿ 25 ವರ್ಷ ಬಾಡಿಗೆಗೇ ಇಡುವುದು. ಚಂಡೀಗಡದಲ್ಲಿ ಖಾಲಿ ಇದ್ದ 2,195 ಮನೆ, ಸೂರತ್‌ನಲ್ಲಿ 393 ಮನೆ ಹೀಗೆ ಬಾಡಿಗೆಗೆ ಹೋದವು. ಹೊಸದಾಗಿ ಕಟ್ಟುವವರಿಗೆ ಸ್ಥಳೀಯ ಸಂಸ್ಥೆ ಏನು ಕೊಡಬೇಕೆಂದೂ ಅದರಲ್ಲೇ ಬರೆದಿದ್ದರು. 30 ದಿನದಲ್ಲಿ ಒಂದೇ ಕಿಟಕಿಯಲ್ಲಿ ಮಂಜೂರಾತಿ, ಶೇ 50ರಷ್ಟು ಹೆಚ್ಚುವರಿ ಎಫ್‌ಎಆರ್ (ಅಂದರೆ ಇದ್ದ ಜಾಗದಲ್ಲಿ ಎಷ್ಟು ಕಟ್ಟಬಹುದು ಅನ್ನುವ ಮಿತಿ), ನೀರು ಒಳಚರಂಡಿಗೆ ಸಾಮಾನ್ಯ ಮನೆಯ ದರ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಗರ ಆವಾಸ್ 2.0ರಲ್ಲೂ ಬಾಡಿಗೆ ವಸತಿ ಒಂದು ಭಾಗವಾಗಿದೆ.

ಇದನ್ನು ಈಗ ಬರೆಯಲು ಕಾರಣ ಜವಳಿ ಪಾರ್ಕ್. 2023ರಲ್ಲಿ ಪಿಎಂ ಮಿತ್ರ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬಂದಾಗ ಎಲ್ಲರಿಗೂ ಖುಷಿ. ಸಾವಿರ ಎಕರೆ, ಸಾವಿರಾರು ಕೆಲಸ. ಆ ಕೆಲಸಕ್ಕೆ ಹಳ್ಳಿಯಿಂದ ಬರುವ ಹುಡುಗಿಯರು ಎಲ್ಲಿ ಇರುತ್ತಾರೆ? ಹೊಲಿಗೆ ಕೆಲಸಕ್ಕೆ ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ನಾನು ಓದು ಮುಗಿಸಿ ಬಂದ ವರ್ಷ, ಒಂಟಿ ಹುಡುಗಿ ಅಂತ ಈ ಊರಲ್ಲಿ ನನಗೇ ಮೂರು ಕಡೆ ಮನೆ ಇಲ್ಲ ಅಂದರು. ನಾಲ್ಕನೆಯವರು ಹತ್ತು ತಿಂಗಳ ಡಿಪಾಸಿಟ್ ಕೇಳಿದರು. ಸಂಬಳದ ಸ್ಲಿಪ್ ತೋರಿಸಿದ ನನಗೇ ಹೀಗೆ. ಪಾರ್ಕ್ ತೆರೆದ ಮೇಲೆ ಮನೆ ಹುಡುಕುವುದಾದರೆ ತಗಡಿನ ಖೋಲಿಗಳೇ ಇನ್ನೂ ನಾಲ್ಕು ಸಾಲು ಏಳುತ್ತವೆ.

ಅದಕ್ಕೇ ನಮ್ಮ ಮಹಾನಗರ ಪಾಲಿಕೆ ತನ್ನ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಲಿ. ಬಾಡಿಗೆ ವಸತಿಗೆ ಬೆಂಬಲ ಇದೆ, ಜಾಗ ಇಂತಲ್ಲಿ ಕೊಡುತ್ತೇವೆ, ಮಂಜೂರಾತಿ ಇಷ್ಟು ದಿನದಲ್ಲಿ ಅಂತ. ಜಾಗ ಕಪನೂರ, ನಂದೂರು ಕೈಗಾರಿಕಾ ಪ್ರದೇಶಗಳ ಹತ್ತಿರ ಇರಲಿ. ಊರಾಚೆ ಎಲ್ಲೋ ಕಟ್ಟಿದರೆ ಆಟೊಗೇ ಇನ್ನೊಂದು ಬಾಡಿಗೆ ಹೋಗುತ್ತದೆ. ಪ್ರತಿ ಬಾಡಿಗೆದಾರರಿಗೂ ಕರಾರು ಪತ್ರ ಕೊಡಬೇಕೆಂದೂ ಬರೆಯಲಿ. ಅಕ್ಕ ಕೇಳಿದ್ದನ್ನೂ ಸೇರಿಸಿ: ಮೀಟರ್ ಬೇರೆ ಬೇರೆ ಇರಬೇಕು.

ಯಾವ ವಾರ್ಡಿನ ಸದಸ್ಯರಾದರೂ ಇದನ್ನು ಸಭೆಗೆ ತರುವುದಾದರೆ, ಒಂದು ಮನೆಗೆ ಖರ್ಚೆಷ್ಟು, ಬಾಡಿಗೆ ಎಷ್ಟಿಟ್ಟರೆ ನಡೆಯುತ್ತದೆ ಅನ್ನುವ ಲೆಕ್ಕ ನಾನು ಹಾಕಿಕೊಡುತ್ತೇನೆ. ಏಪ್ರಿಲ್ 15 ದಾಟಿದ ಮೇಲೆ ನನಗೆ ರಾತ್ರಿ ಬಿಡುವು ಇರುತ್ತದೆ.

– ಒಬ್ಬ ಬಾಡಿಗೆದಾರಳು, ಸೇಡಂ ರಸ್ತೆ, ಕಲಬುರಗಿ