ಕಡಲಕಳೆ ಪುಡಿ: ಡಬ್ಬದ ಮೇಲೆ ಅಯೋಡಿನ್ ಲೆಕ್ಕ ಬರೆಯಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ತಾರಸಿ ತೋಟಕ್ಕೆ ಕಡಲಕಳೆ ಗೊಬ್ಬರ ಹಾಕುವ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ, ಇದೇ ಪುಡಿಯನ್ನು ಸಾಕುನಾಯಿಯ ಊಟಕ್ಕೂ ಬೆರೆಸಬಹುದು ಅಂತ ಒಂದು ಸಾಲು ಇತ್ತಲ್ಲ, ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಹೋದ ವರ್ಷ ನಾನು ಅದೇ ಕೆಲಸ ಮಾಡಿ ಡಾಕ್ಟರ್ ಹತ್ತಿರ ಬೈಸಿಕೊಂಡಿದ್ದೇನೆ.

ನಮ್ಮ ಚಿನ್ನಿ ಬೀದಿಯಿಂದ ಬಂದವಳು. ಎಂಟು ವರ್ಷ, ಹದಿನೆಂಟು ಕೆ.ಜಿ. ಎರಡು ವರ್ಷದ ಹಿಂದೆ ಬಾಲದ ಕೂದಲು ಉದುರಿ ಇಲಿಬಾಲದ ಹಾಗೆ ಆಯಿತು, ತಿನ್ನುವುದು ಅಷ್ಟೇ ಇದ್ದರೂ ಮೈ ಊದುತ್ತಾ ಹೋಯಿತು, ಕೊನೆಗೆ ಪೇಪರ್ ಹುಡುಗನಿಗೆ ಬೊಗಳುವುದನ್ನೂ ಬಿಟ್ಟಳು. ಅವನೇ ಬಂದು ಕೇಳಿದ, 'ಆಂಟಿ, ನಾಯಿಗೆ ಹುಷಾರಿಲ್ವಾ?' ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕಡಿಮೆ. ಅವತ್ತಿನಿಂದ ದಿನಕ್ಕೆ ಎರಡು ಸಲ ಮಾತ್ರೆ.

ಹೀಗಿರುವಾಗ ನಾಯಿ ಸಾಮಾನು ಮಾರುವ ಒಂದು ಅಂಗಡಿಗೆ ಹೊಸ ಕೊರಳಪಟ್ಟಿ ತರಲು ಹೋಗಿದ್ದೆ. ಹುಡುಗ ಒಂದು ಹಸಿರು ಡಬ್ಬ ತೆಗೆದು ಕೌಂಟರ್ ಮೇಲಿಟ್ಟ. 'ಮೇಡಂ, ಕೆಲ್ಪ್ ಪುಡಿ. ಥೈರಾಯ್ಡ್‌ಗೆ ಸೂಪರ್. ನ್ಯಾಚುರಲ್, ಸೈಡ್ ಎಫೆಕ್ಟೇ ಇಲ್ಲ. ಮಿಕ್ಕಿದ್ದು ಗಿಡಕ್ಕೂ ಹಾಕ್ಬಹುದು.' ಕೆಲ್ಪ್ ಅಂದರೆ ದೊಡ್ಡ ಜಾತಿಯ ಕಂದು ಕಡಲಕಳೆ. ಒಂದು ಡಬ್ಬಕ್ಕೆ ಎರಡು ಕೆಲಸ ಅಂದರೆ ಯಾರು ಬೇಡ ಅಂತಾರೆ? ಕೊಂಡು ತಂದೆ. ದಿನಾ ಒಂದು ಟೀ ಚಮಚ ಅನ್ನದ ಮೇಲೆ ಉದುರಿಸಿದೆ. ಮೀನಿನ ವಾಸನೆಗೆ ಚಿನ್ನಿ ತಟ್ಟೆ ನೆಕ್ಕಿ ನೆಕ್ಕಿ ಗೋಡೆವರೆಗೂ ತಳ್ಳಿಕೊಂಡು ಹೋಗುತ್ತಿದ್ದಳು. ನನಗೂ ಖುಷಿ.

ಮೂರು ವಾರದಲ್ಲಿ ಹೊಟ್ಟೆ ಕೆಟ್ಟಿತು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಹೊಸದಾಗಿ ಏನಾದರೂ ಕೊಡುತ್ತಿದ್ದೀರಾ ಅಂತ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. 'ಅಮ್ಮಾ, ಕಡಲಕಳೆಯಲ್ಲಿ ಅಯೋಡಿನ್ ಜಾಸ್ತಿ, ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡೋದು ಅದರಿಂದಲೇ, ನಿಜ. ಆದರೆ ನಾಯಿಗಳಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಹೆಚ್ಚಾಗಿ ಅಯೋಡಿನ್ ಸಾಲದೆ ಅಲ್ಲ. ಆ ಗ್ರಂಥಿಯೇ ಹಾಳಾಗಿರುತ್ತೆ. ಮೈಯ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಅದನ್ನು ತಿಂದುಹಾಕಿರುತ್ತೆ. ಒಲೆ ಒಡೆದಿರುವಾಗ ಸೌದೆ ಜಾಸ್ತಿ ತಂದು ಏನು ಮಾಡ್ತೀರಿ?' ಗ್ರಂಥಿ ಚೆನ್ನಾಗಿರುವ ನಾಯಿಗೂ ಅಯೋಡಿನ್ ವಿಪರೀತವಾದರೆ ಅದು ಹಾರ್ಮೋನ್ ಮಾಡುವುದನ್ನೇ ನಿಲ್ಲಿಸಬಹುದಂತೆ. ಅಂದರೆ ಥೈರಾಯ್ಡ್‌ಗೆ ಒಳ್ಳೆಯದು ಅಂತ ಕೊಟ್ಟದ್ದೇ ಥೈರಾಯ್ಡ್ ಕೆಡಿಸಬಹುದು. ಪುಡಿ ನಿಲ್ಲಿಸಿ, ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಅಂದರು. ಅದರ ಖರ್ಚು ಡಬ್ಬದ ಬೆಲೆಯ ಮೂರು ಪಟ್ಟು.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಡಬ್ಬದ ಮೇಲಿನ ಸಣ್ಣಕ್ಷರ ಓದಿದೆ. ಪ್ರೋಟೀನ್ ಎಷ್ಟು ಅಂತ ಇದೆ, ನಾರು ಎಷ್ಟು ಅಂತ ಇದೆ, 'ಅರವತ್ತು ಖನಿಜಗಳ ಆಗರ' ಅಂತ ದಪ್ಪಕ್ಷರದಲ್ಲಿದೆ. ಅಯೋಡಿನ್ ಎಷ್ಟು ಅಂತ ಇಲ್ಲ! ನಾವು ತಿನ್ನುವ ಉಪ್ಪಿನ ಪ್ಯಾಕೆಟ್ ನೋಡಿ. ಮನೆಗೆ ಬರುವ ಹೊತ್ತಿಗೆ ಅದರಲ್ಲಿ ಕಡಿಮೆಯೆಂದರೆ 15 ಪಿಪಿಎಂ ಅಯೋಡಿನ್ ಇರಲೇಬೇಕು ಅಂತ ಕಾನೂನಿದೆ. ಅಂದರೆ ಒಂದು ಗ್ರಾಂ ಉಪ್ಪಿನಲ್ಲಿ 15 ಮೈಕ್ರೋಗ್ರಾಂ. ಕಡಲಕಳೆಯಲ್ಲಿ ಲೆಕ್ಕ ಹೀಗೆ ನೆಟ್ಟಗಿಲ್ಲ. ಜಪಾನಿನವರು ಅನ್ನಕ್ಕೆ ಸುತ್ತುವ ನೋರಿಯಲ್ಲಿ ಗ್ರಾಂಗೆ ಹತ್ತಾರು ಮೈಕ್ರೋಗ್ರಾಂ ಅಷ್ಟೇ ಇದ್ದರೆ, ಕೆಲ್ಪ್ ಜಾತಿಯ ಕೆಲವು ಕಳೆಗಳಲ್ಲಿ ಸಾವಿರ, ಎರಡು ಸಾವಿರ ದಾಟುತ್ತದೆ. ಚಿನ್ನಿಯಷ್ಟು ದೊಡ್ಡ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 200 ಮೈಕ್ರೋಗ್ರಾಂ. ನಾನು ಹಾಕುತ್ತಿದ್ದ ಚಮಚದಲ್ಲಿ ಮೂರು ಗ್ರಾಂ ಮೇಲೇ ಇತ್ತು, ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದೆ. ಲೆಕ್ಕ ನೀವೇ ಹಾಕಿ.

ಅಯೋಡಿನ್ ಅನ್ನುವುದು ಜಗತ್ತಿಗೆ ಮೊದಲು ಸಿಕ್ಕಿದ್ದೇ ಕಡಲಕಳೆಯ ಬೂದಿಯಲ್ಲಿ, 1811ರಲ್ಲಿ, ಫ್ರಾನ್ಸಿನಲ್ಲಿ. ಇನ್ನೂರು ವರ್ಷದಿಂದ ಗೊತ್ತಿರುವ ಸಂಗತಿಯನ್ನು ಡಬ್ಬದ ಮೇಲೆ ಒಂದು ಸಾಲು ಬರೆಯಲು ಏನು ಕಷ್ಟ ಅಂತ ನನಗೆ ಅರ್ಥವಾಗಿಲ್ಲ.

ಹಾಗಂತ ನಾಯಿಗೆ ಕಡಲಕಳೆ ವಿಷ ಅಂತ ನಾನು ಹೇಳುತ್ತಿಲ್ಲ. ಉತ್ತರ ಅಟ್ಲಾಂಟಿಕ್‌ನ ಚಳಿ ನೀರಿನಲ್ಲಿ ಬೆಳೆಯುವ ಆಸ್ಕೋಫಿಲಮ್ ಅನ್ನುವ ಕಂದು ಕಳೆಯನ್ನು ತಿನಿಸಿನಲ್ಲಿ ಬೆರೆಸಿ ಕೊಟ್ಟರೆ ನಾಯಿಗಳ ಹಲ್ಲಿನ ಪಾಚಿ ಕಡಿಮೆಯಾಗುತ್ತದೆ ಅಂತ 2018ರಲ್ಲಿ 60 ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡಿದೆ. ಮನೆಯಲ್ಲೇ ಅನ್ನ, ಕೋಳಿ ಬೇಯಿಸಿ, ಉಪ್ಪಿಲ್ಲದೆ ಹಾಕುವವರ ನಾಯಿಗೆ ಅಯೋಡಿನ್ ನಿಜಕ್ಕೂ ಸಾಲದೆ ಇರಬಹುದು, ಆಗ ಡಾಕ್ಟರೇ ಅಳತೆ ಹೇಳಿ ಕೊಡಿಸುತ್ತಾರೆ. ಆದರೆ ಪ್ಯಾಕೆಟ್ ಊಟ ತಿನ್ನುವ ನಾಯಿಗೆ ಅದರಲ್ಲೇ ಅಯೋಡಿನ್ ಸೇರಿಸಿರುತ್ತಾರೆ. ಅದರ ಮೇಲೆ ಚಮಚಗಟ್ಟಲೆ ಸುರಿಯುವುದು ಯಾಕೆ?

ಇನ್ನು ಗಿಡದ ಕತೆ. ಡಬ್ಬದಲ್ಲಿ ಮುಕ್ಕಾಲು ಭಾಗ ಪುಡಿ ಉಳಿದಿತ್ತಲ್ಲ, ಹತ್ತು ಲೀಟರ್ ಬಕೆಟ್‌ನಲ್ಲಿ ಒಂದು ಹಿಡಿ ನೆನೆಸಿಟ್ಟೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಇಡೀ ತಾರಸಿ ಮೀನು ಮಾರ್ಕೆಟ್. ಬಟ್ಟೆ ಒಣಹಾಕಲು ಬಂದ ಮೇಲಿನ ಮನೆಯವರು ಹಾಗೇ ವಾಪಸ್ ಇಳಿದುಹೋದರು. ಆದರೂ ಬಿಡಲಿಲ್ಲ, ಸೋಸಿ, ನೀರು ಬೆರೆಸಿ ಎಲ್ಲ ಕುಂಡಕ್ಕೂ ಹೊಯ್ದೆ. ಕರಿಬೇವು ಚಿಗುರಿತು, ದಾಸವಾಳ ಮೊಗ್ಗು ಬಿಟ್ಟಿತು. ಅಷ್ಟಕ್ಕೇ ತಲೆ ತಿರುಗಿ ಹೊಂಗೆ ಹಿಂಡಿ, ಎರೆಗೊಬ್ಬರ ಎಲ್ಲ ನಿಲ್ಲಿಸಿಬಿಟ್ಟೆ. ಒಂದೂವರೆ ತಿಂಗಳಿಗೆ ಟೊಮೇಟೊ ಗಿಡದ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾದವು. ಲಾಲ್‌ಬಾಗ್ ಹತ್ತಿರ ಸಸಿ ಮಾರುವ ಹಿರಿಯರೊಬ್ಬರಿಗೆ ಮೊಬೈಲ್‌ನಲ್ಲಿ ಫೋಟೋ ತೋರಿಸಿದೆ. ನಕ್ಕರು. 'ಟಾನಿಕ್ ಕುಡಿಸಿ ಊಟ ಬಿಡಿಸಿದ್ದೀರಲ್ಲಮ್ಮ' ಅಂದರು.

ಅವರು ಹೇಳಿದ್ದು ಸರಿ. ಕಡಲಕಳೆಯಲ್ಲಿ ಸಾರಜನಕ ತೀರ ಕಡಿಮೆ, ರಂಜಕ ಇನ್ನೂ ಕಡಿಮೆ, ಪೊಟ್ಯಾಶ್ ಮಾತ್ರ ಅಷ್ಟಿಷ್ಟು ಇದೆ. ಅದರ ಕೆಲಸವೇ ಬೇರೆ. ಬೇರು ಬಿಡಿಸುವ, ಚಿಗುರಿಸುವ, ಬಿಸಿಲಿನ ಹೊಡೆತ ತಡೆದುಕೊಳ್ಳಲು ನೆರವಾಗುವ ಚೋದಕಗಳು ಅದರಲ್ಲಿವೆ. ಸರ್ಕಾರವೂ 2021ರಲ್ಲಿ ಇಂಥ ಸಾರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಾಗ ಗೊಬ್ಬರ ಅನ್ನಲಿಲ್ಲ, ಜೈವಿಕ ಉತ್ತೇಜಕ ಅಂತ ಬೇರೆ ಗುಂಪಿಗೆ ಸೇರಿಸಿತು. ಈಗ ನಾನು ದ್ರವ ರೂಪದ್ದನ್ನು ತಂದು ಲೀಟರ್ ನೀರಿಗೆ ಎರಡು, ಎರಡೂವರೆ ಎಂ.ಎಲ್. ಹಾಕಿ ಹದಿನೈದು ದಿನಕ್ಕೊಮ್ಮೆ ಸಂಜೆ ಎಲೆಗೆ ಸಿಂಪಡಿಸುತ್ತೇನೆ, ಊಟಕ್ಕೆ ಹಿಂಡಿ ಮತ್ತು ಎರೆಗೊಬ್ಬರ ಇದ್ದೇ ಇದೆ. ಪುಡಿಯನ್ನು ನೇರವಾಗಿ ಕುಂಡಕ್ಕೆ ಸುರಿಯಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರೇ ಗಡಸು, ಕುಂಡದ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟಿರುತ್ತದೆ ಅಲ್ವಾ, ಅದರ ಮೇಲೆ ಕಡಲ ಉಪ್ಪೂ ಸೇರಿದರೆ ಬೇರು ಸುಟ್ಟೇ ಹೋಗುತ್ತದೆ.

ಈ ದ್ರವದಲ್ಲಿ ಒಂದಷ್ಟು ಪಾಲು ನಮ್ಮ ಪಕ್ಕದ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಮಂಟಪಂ ಕಡೆಯ ಕಡಲಿನಿಂದ ಬರುತ್ತದೆ. ಮೀನುಗಾರರ ಮನೆಯ ಹೆಂಗಸರು ಬಿದಿರಿನ ತೆಪ್ಪಕ್ಕೆ ಕಪ್ಪಾಫೈಕಸ್ ಅನ್ನುವ ಕಳೆಯ ತುಂಡುಗಳನ್ನು ಕಟ್ಟಿ ನೀರಿಗೆ ಬಿಡುತ್ತಾರೆ. 45 ದಿನಕ್ಕೆ ಕೊಯ್ಲು. ಹಸಿ ಇರುವಾಗಲೇ ಅರೆದು ಹಿಂಡಿದರೆ ರಸ ಗಿಡಕ್ಕೆ, ಉಳಿದ ಚರಟ ಐಸ್‌ಕ್ರೀಂ, ಟೂತ್‌ಪೇಸ್ಟ್ ಗಟ್ಟಿಯಾಗಿಸುವ ಅಂಟಿಗೆ. ರಸ ಹಿಂಡುವ ಈ ವಿಧಾನ ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರದು. ನಾಯಿ ಡಬ್ಬದ ಕಳೆಯೇ ಬೇರೆ, ಇದೇ ಬೇರೆ. ನಾವು ಹಬ್ಬಕ್ಕೆ ಪುಡಿಂಗ್ ಮಾಡುವ ಚೈನಾ ಗ್ರಾಸ್ ಕೂಡ ಕಡಲಕಳೆಯದ್ದೇ, ಹಾಗಂತ ಅದನ್ನು ಕುಂಡಕ್ಕೆ ಹಾಕುತ್ತೇವಾ?

ಇನ್ನೊಂದು. ನಮ್ಮ ಏರಿಯಾದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಕಡಲಕಳೆ ಯಾಕೆ, ಕೆರೆಯಲ್ಲಿ ಪಾಚಿ ಬಿಟ್ಟಿಯಾಗಿ ಸಿಗುತ್ತಲ್ಲ ಅಂತ ಹಾಕಿದ್ದರು. ದಯವಿಟ್ಟು ಬೇಡ. ನಮ್ಮ ಎಷ್ಟೋ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ, ಕಾರ್ಖಾನೆಯ ಲೋಹಗಳನ್ನು ಆ ಕಳೆಗಳು ಹೀರಿಕೊಂಡಿರುತ್ತವೆ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಟ್ಟುವ ನೀಲಿ-ಹಸಿರು ಪಾಚಿಯಂತೂ ವಿಷಕಾರಿಯಾಗಿರಬಹುದು, ಆ ನೀರು ಕುಡಿದ ನಾಯಿ ಕೆಲವೇ ಗಂಟೆಗಳಲ್ಲಿ ಸತ್ತದ್ದೂ ಇದೆ. ಕೆರೆ ಏರಿ ಮೇಲೆ ನಾಯಿ ಕರೆದುಕೊಂಡು ಹೋಗುವವರು ಹಗ್ಗ ಬಿಡಬೇಡಿ.

ನಾಯಿ ಮತ್ತು ಕುಂಡ ಎರಡೂ ಇರುವ ಮನೆಯವರಿಗೆ ನಿಮ್ಮ ಬರಹಗಾರರು ಮುಂದಿನ ಸಲ ಬರೆಯಲೇಬೇಕಾದ ವಿಷಯ ಇನ್ನೊಂದಿದೆ. ಹರಳು ಹಿಂಡಿ. ಅಗ್ಗ, ಗಿಡಕ್ಕೆ ಒಳ್ಳೆಯದು, ಅನೇಕರು ತರುತ್ತಾರೆ. ಅದರಲ್ಲಿ ರಿಸಿನ್ ಅನ್ನುವ ವಿಷ ಉಳಿದಿರಬಹುದು. ಹಿಂಡಿಯ ವಾಸನೆ ನಾಯಿಗಳಿಗೆ ಬಹಳ ಇಷ್ಟ, ಕುಂಡ ಕೆದಕಿ ತಿಂದರೆ ಜೀವಕ್ಕೇ ಅಪಾಯ. ಕಡಲಕಳೆ ಹೊಯ್ದ ದಿನ ಚಿನ್ನಿ ಟೊಮೇಟೊ ಕುಂಡದ ಮಣ್ಣನ್ನೇ ಬಾಯಿತುಂಬಾ ತಿನ್ನುತ್ತಿದ್ದಳು, ಮೂಗಿನ ತುದಿಯಲ್ಲಿ ಕೋಕೋಪೀಟ್ ಅಂಟಿಕೊಂಡಿತ್ತು. ಅವತ್ತು ಅಲ್ಲಿ ಹರಳು ಹಿಂಡಿ ಇದ್ದಿದ್ದರೆ? ಮಾರನೇ ದಿನವೇ ನೆಲದ ಮೇಲಿನ ಕುಂಡಗಳಿಗೆಲ್ಲ ಜಾಲರಿ ಕಟ್ಟಿಸಿದೆ.

ನಾನು ಕೇಳುವುದು ಇಷ್ಟೇ. ನಾಯಿಗೆ ಅಂತ ಮಾರುವ ಪ್ರತಿ ಕಡಲಕಳೆ ಡಬ್ಬದ ಮೇಲೆ ಯಾವ ಜಾತಿಯ ಕಳೆ, ಗ್ರಾಂಗೆ ಎಷ್ಟು ಮೈಕ್ರೋಗ್ರಾಂ ಅಯೋಡಿನ್, ಎಷ್ಟು ಕೆ.ಜಿ. ನಾಯಿಗೆ ಎಷ್ಟು ಅಂತ ಬರೆಯುವುದು ಕಡ್ಡಾಯವಾಗಲಿ. ಥೈರಾಯ್ಡ್ ಮಾತ್ರೆ ತಿನ್ನುವ ನಾಯಿಗೆ ಕೇಳದೆ ಕೊಡಬೇಡಿ ಅಂತ ಕನ್ನಡದಲ್ಲಿ ಒಂದು ಸಾಲು ಇರಲಿ. ಆರು ವಾರದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಚಿನ್ನಿಯ ಲೆಕ್ಕ ಸರಿಯಾಗಿ ಬಂತು. ಪೇಪರ್ ಹುಡುಗನಿಗೆ ಮತ್ತೆ ಬೊಗಳುತ್ತಿದ್ದಾಳೆ. ಅವನು ಈಗ ನಿಮ್ಮ ಪತ್ರಿಕೆಯನ್ನು ಗೇಟಿನ ಆಚೆಯಿಂದಲೇ ಎಸೆಯುತ್ತಾನೆ.

– ನಿಮ್ಮ ಓದುಗಿ, ಹನುಮಂತನಗರ, ಬೆಂಗಳೂರು