ಕೆರೆಯಿಂದ ಬೋರ್‌ವೆಲ್‌ಗೆ ಏನು ಹೋಗುತ್ತಿದೆ?

ಮಾನ್ಯ ಸಂಪಾದಕರೇ,

ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬರುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕಳಿಸುತ್ತಾರೆ. ಬತ್ತಿದ್ದ ಕೆರೆಗಳು ತುಂಬಿವೆ, ಅದು ಸಂತೋಷವೇ. ಆದರೆ ಆ ನೀರಲ್ಲಿ ಕರಗಿರುವುದು ನೆಲದೊಳಗೆ ಎತ್ತ ಹೋಗುತ್ತಿದೆ ಅನ್ನುವ ಲೆಕ್ಕವೂ ಬೇಕಲ್ವಾ?

ಈ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಹೊಸವೇನಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಬಂದ ಮಾಡ್‌ಫ್ಲೋ ಇವತ್ತು ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಕರಗಿದ ವಸ್ತು ನೀರಿನ ಜೊತೆ ಸಾಗುವುದು, ದಾರಿಯಲ್ಲಿ ಹರಡಿ ತೆಳುವಾಗುವುದು, ಮಣ್ಣಿಗೆ ಅಂಟಿಕೊಂಡು ತಡವಾಗುವುದು, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕೊಳಚೆಯಲ್ಲಿರುವ ಸಾರಜನಕದಿಂದ ಹುಟ್ಟುವ ನೈಟ್ರೇಟ್ ಅಂತೂ ಮಣ್ಣಿಗೆ ಅಂಟುವುದೇ ಕಡಿಮೆ. ಹೆಚ್ಚುಕಡಿಮೆ ನೀರಿನಷ್ಟೇ ವೇಗದಲ್ಲಿ ಹೋಗುತ್ತದೆ.

ನಮ್ಮಲ್ಲಿ ತೊಡಕು ಇರುವುದು ಬಂಡೆಯಲ್ಲಿ. ಮರಳು ನೆಲದಲ್ಲಿ ನೀರು ಎಲ್ಲ ಕಡೆ ನಿಧಾನವಾಗಿ ಜಿನುಗುತ್ತದೆ. ಇಲ್ಲಿ ಕೆಳಗಿರುವುದು ಗಟ್ಟಿ ಕಲ್ಲು, ನೀರು ಬಿರುಕುಗಳಲ್ಲೇ ಓಡುತ್ತದೆ. ಕೆರೆ ಪಕ್ಕದ ಬೋರ್‌ವೆಲ್ ಚೆನ್ನಾಗಿದ್ದು, ದೂರದ್ದು ಕೆಡಬಹುದು. ಸುಮ್ನೆ ಕೆರೆ ಸುತ್ತ ಗೆರೆ ಎಳೆದು, ಇಷ್ಟು ದೂರದಾಚೆ ಭಯವಿಲ್ಲ ಎನ್ನಲಾಗದು. ಬಿರುಕಿನ ದಿಕ್ಕು ತಿಳಿಯಬೇಕು. ಮಳೆಗೆ ಮುಂಚೆ, ಮಳೆಯಾದ ಮೇಲೆ ನೀರು ಪರೀಕ್ಷಿಸಿ ಕಂಪ್ಯೂಟರ್ ಮಾದರಿಯ ಉತ್ತರದೊಂದಿಗೆ ತಾಳೆ ನೋಡಬೇಕು. ಈ ತಾಳೆ ಇಲ್ಲದ ಮಾದರಿಯನ್ನು ನಾನು ನಂಬಲಾರೆ.

ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಯಾವ ಊರಿನ ಬೋರ್‌ವೆಲ್ ಆ ಮಿತಿಯ ಹತ್ತಿರವಿದೆ, ಮುಂದೆ ಯಾವುದು ಬರಬಹುದು ಎಂಬುದನ್ನು ಸರ್ಕಾರ ಪ್ರತಿ ಪಂಚಾಯಿತಿ ಕಚೇರಿಯಲ್ಲೂ ಕನ್ನಡದಲ್ಲಿ ಬರೆದು ಹಾಕಲಿ.

– ಒಬ್ಬ ಓದುಗ, ಶ್ರೀನಿವಾಸಪುರ