ಇನ್ವರ್ಟರ್ ಕೆಟ್ಟಾಗಿನ ಸೇವೆಯಲ್ಲಿ ಬದಲಾವಣೆ: ಸದಸ್ಯರಿಗೂ ಗ್ರಾಹಕರಿಗೂ ಪತ್ರ

ಮಾನ್ಯ ಸದಸ್ಯರಿಗೂ ಗ್ರಾಹಕರಿಗೂ ಸಪ್ರೇಮ ನಮಸ್ಕಾರಗಳು.

ಬರುವ ಜೂನ್ 1ರಿಂದ ನಮ್ಮ ಸಹಕಾರ ಸಂಘದ ದುರಸ್ತಿ ಸೇವೆಯಲ್ಲಿ ಒಂದು ಮುಖ್ಯ ಬದಲಾವಣೆ ಆಗಲಿದೆ. ಲೈನ್ ಕರೆಂಟಿನ ಸಂಪರ್ಕವಿಲ್ಲದೆ ಸೋಲಾರ್‌ನಿಂದಲೇ ನಡೆಯುವ ಮನೆಗಳಲ್ಲಿ ಇನ್ವರ್ಟರ್ ಕೆಟ್ಟರೆ, ನಮ್ಮ ತಂತ್ರಜ್ಞರು ಇನ್ನು ಮುಂದೆ ಅದನ್ನು ಮನೆಯಲ್ಲಿಯೇ ಬಿಚ್ಚಿ ರಿಪೇರಿ ಮಾಡುವುದಿಲ್ಲ. ಅದರ ಜಾಗಕ್ಕೆ ಸಂಘದ ಬದಲಿ ಇನ್ವರ್ಟರನ್ನು ಜೋಡಿಸಿ ಅಂದೇ ಮನೆಯ ಕರೆಂಟನ್ನು ಸರಿಪಡಿಸಿ, ಕೆಟ್ಟದ್ದನ್ನು ಕಾರ್ಯಾಗಾರಕ್ಕೆ ತರುತ್ತಾರೆ. ಇದರೊಂದಿಗೆ, ಇನ್ವರ್ಟರ್‌ನ ಹಂಗಿಲ್ಲದೆ ಬ್ಯಾಟರಿಯಿಂದ ನೇರವಾಗಿ ಉರಿಯುವ ಡಿ.ಸಿ. ದೀಪಗಳ ಪ್ರತ್ಯೇಕ ಲೈನನ್ನು ಹೊಸ ಜೋಡಣೆಗಳಲ್ಲೆಲ್ಲ ಕಡ್ಡಾಯವಾಗಿ ಹಾಕಲಾಗುವುದು. ಹಳೆಯ ಗ್ರಾಹಕರು ಬಯಸಿದಲ್ಲಿ ಸಾಮಗ್ರಿಯ ವೆಚ್ಚವನ್ನಷ್ಟೇ ಪಡೆದು ಹಾಕಿಕೊಡಲಾಗುವುದು.

ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಶರಾವತಿ ಹಿನ್ನೀರಿನ ದಡಗಳಲ್ಲಿ, ಕಾಡಂಚಿನ ಒಂಟಿಮನೆಗಳಲ್ಲಿ ಇರುವವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಡೆಯಾಗಿ ಎತ್ತರದ ಜಾಗಗಳಿಗೆ ಬಂದು ನೆಲೆಸಿದ ಕುಟುಂಬಗಳೂ ಇವರಲ್ಲಿವೆ. ನಾಡಿಗೆ ಬೆಳಕು ಕೊಟ್ಟ ನದಿಯ ದಡದಲ್ಲಿಯೇ ಲೈನ್ ಕಂಬ ಬಾರದ ಮನೆಗಳು ಉಳಿದಿವೆ ಎಂಬುದು ನಮಗೆಲ್ಲರಿಗೂ ನೋವಿನ ಸಂಗತಿ. 1972ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ಘೋಷಣೆಯಾದ ಮೇಲೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕಾಡಿನೊಳಗೆ ಲೈನ್ ಎಳೆಯುವುದಕ್ಕೆ ಹಲವು ಹಂತಗಳ ಅನುಮತಿ ಬೇಕಾಗಿದೆ. ಇಂತಹ ಮನೆಯಲ್ಲಿ ಇನ್ವರ್ಟರ್ ಎಂಬುದು ಪೇಟೆಯ ಮನೆಯಲ್ಲಿದ್ದಂತೆ ಕರೆಂಟ್ ಹೋದಾಗ ಕೈಹಿಡಿಯುವ ಹೆಚ್ಚುವರಿ ಸಾಧನವಲ್ಲ. ಅದು ನಿಂತರೆ ದೀಪ, ಮಿಕ್ಸಿ, ಕುಡಿಯುವ ನೀರಿನ ಪಂಪು, ಮಕ್ಕಳ ಓದು, ಫೋನಿನ ಚಾರ್ಜು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಹೊಳೆ ಹಳ್ಳಗಳು ತುಂಬಿ ದಾರಿಯೇ ಇಲ್ಲದಿರುವಾಗ, ಅಥವಾ ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿಯಿಡೀ ಸುಲಿಯುವ ಕೆಲಸ ನಡೆದಿರುವಾಗ ಹೀಗಾದರೆ ಪಡುವ ಪಾಡು ತಮಗೆ ತಿಳಿಯದ್ದಲ್ಲ.

ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡುವ ಪದ್ಧತಿಯನ್ನು ಕೈಬಿಡುತ್ತಿರುವ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಇನ್ವರ್ಟರಿನೊಳಗೆ ಬ್ಯಾಟರಿಯ ಕರೆಂಟನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸಿ ಎ.ಸಿ.ಯಾಗಿ ಮಾರ್ಪಡಿಸುವ ಕೆಲಸ ಮಾಸ್ಫೆಟ್ ಎಂಬ ಬಿಡಿಭಾಗಗಳದ್ದು. ಅವು ಸಾಲಾಗಿ ನಿಂತು ಹೊರೆಯನ್ನು ಹಂಚಿಕೊಂಡಿರುತ್ತವೆ. ಒಂದು ಸುಟ್ಟರೆ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬಿದ್ದು ಅವೂ ಒಳಗಿಂದೊಳಗೆ ದುರ್ಬಲವಾಗಿರುತ್ತವೆ. ಅವುಗಳಿಗೆ ಆದೇಶ ಕೊಡುವ ಡ್ರೈವರ್ ಭಾಗಕ್ಕೂ ಪೆಟ್ಟು ಬಿದ್ದಿರುವುದುಂಟು. ಕಣ್ಣಿಗೆ ಕಾಣುವ ಸುಟ್ಟ ಭಾಗವನ್ನಷ್ಟೇ ಬದಲಿಸಿ, ತುಂಬಿದ ಬ್ಯಾಟರಿಗೆ ಜೋಡಿಸಿ ಹಚ್ಚಿದರೆ ದೀಪವೇನೋ ಉರಿಯುತ್ತದೆ, ಆದರೆ ಮಿಕ್ಸಿ ತಿರುಗಿಸಿದ ಕೂಡಲೇ ಮತ್ತೆ ಸುಡುವ ಸಂಭವ ಹೆಚ್ಚು. ಸರಿಯಾದ ಕ್ರಮವೆಂದರೆ ಆ ಸಾಲಿನ ಮಾಸ್ಫೆಟ್‌ಗಳನ್ನೆಲ್ಲ ಒಂದೇ ತಯಾರಿಕೆಯವುಗಳಿಂದ ಬದಲಿಸಿ, ಮೊದಲು ಮಿತವಾದ ಕರೆಂಟಿನಲ್ಲಿ ಹಚ್ಚಿ, ಹೊರಬರುವ ಅಲೆಯ ಆಕಾರವನ್ನು ಆಸಿಲೋಸ್ಕೋಪಿನಲ್ಲಿ ನೋಡಿ, ಆಮೇಲೆ ಬುರುಡೆ ಬಲ್ಬುಗಳ ಹೊರೆ ಹಾಕಿ ಗಂಟೆಗಟ್ಟಲೆ ಓಡಿಸಿ ಬಿಸಿಯನ್ನು ಪರೀಕ್ಷಿಸುವುದು. ಇದು ಮಳೆಗಾಲದ ತೇವದಲ್ಲಿ, ಜಗಲಿಯ ಮೇಲೆ, ಟಾರ್ಚಿನ ಬೆಳಕಿನಲ್ಲಿ ಆಗುವ ಕೆಲಸವಲ್ಲ. ಅಪಾಯವೂ ಇದೆ: ಕೆಲವು ಮಾದರಿಗಳಲ್ಲಿ ಬ್ಯಾಟರಿ ಬಿಡಿಸಿದ ಮೇಲೂ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗಗಳಾದ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೀರಿದ ಡಿ.ಸಿ. ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದ್ದರಿಂದ ಇನ್ವರ್ಟರಿನ ಮುಚ್ಚಳವನ್ನು ಮನೆಯವರು ಯಾವ ಕಾರಣಕ್ಕೂ ತೆಗೆಯಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಕಾರ್ಯಾಗಾರಕ್ಕೆ ಬಂದ ಇನ್ವರ್ಟರುಗಳನ್ನು ಬಿಚ್ಚಿದಾಗ ಕಾಣುವುದನ್ನೂ ತಮ್ಮ ಗಮನಕ್ಕೆ ತರಬೇಕು. ಗಾಳಿಯ ಕಿಂಡಿಯಿಂದ ಒಳಹೊಕ್ಕ ಹಲ್ಲಿ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕು ಕರಕಲಾಗಿರುತ್ತದೆ. ಫ್ಯಾನಿನ ರೆಕ್ಕೆಗಳಿಗೆ ಒಲೆಯ ಮಸಿ ಮತ್ತು ಧೂಳು ಜಿಡ್ಡಾಗಿ ಅಂಟಿ, ಅದು ತಿರುಗುವುದನ್ನೇ ನಿಲ್ಲಿಸಿರುತ್ತದೆ. ಚಪ್ಪಟೆಯಾಗಿರಬೇಕಾದ ಕೆಪಾಸಿಟರಿನ ತಲೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ದ್ರವ ಒಸರಿರುತ್ತದೆ. ಕೆಪಾಸಿಟರ್ ಇರುವ ಜಾಗದ ಬಿಸಿ 10 ಡಿಗ್ರಿ ಹೆಚ್ಚಾದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕೆಲಸದಲ್ಲಿರುವವರು ಅನುಸರಿಸುವ ಲೆಕ್ಕ. ಆದ್ದರಿಂದ ಇನ್ವರ್ಟರನ್ನು ಅಡಿಕೆ ಒಣಗಿಸುವ ಅಟ್ಟದಲ್ಲಿ, ಅಡುಗೆಮನೆಯ ಹೊಗೆ ತಾಗುವ ಗೋಡೆಯಲ್ಲಿ, ಅಥವಾ ನೀರು ಹಾಕುವ ಬ್ಯಾಟರಿಯ ನೇರ ಮೇಲ್ಭಾಗದಲ್ಲಿ ಇಟ್ಟಿರುವವರು ದಯವಿಟ್ಟು ನಮಗೆ ತಿಳಿಸಬೇಕು. ಬ್ಯಾಟರಿಯಿಂದ ಏಳುವ ಆಮ್ಲದ ಆವಿ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಮುಂಗಾರಿಗೆ ಮೊದಲಿನ ಭೇಟಿಯಲ್ಲಿ ಜಾಗ ಬದಲಿಸಿಕೊಡುವ ಕೆಲಸಕ್ಕೆ ಸಂಘ ಕೂಲಿ ಪಡೆಯುವುದಿಲ್ಲ. ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿಯನ್ನೂ ಆಗಲೇ ಹಾಕಲಾಗುವುದು. ಬಟ್ಟೆ ಕಟ್ಟಿ ಮುಚ್ಚುವುದು ಮಾತ್ರ ಬೇಡ, ಗಾಳಿ ಆಡದಿದ್ದರೆ ಹಲ್ಲಿಯಿಂದ ಆಗುವುದಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ.

ಇನ್ನೊಂದು ವಿಷಯ ಬ್ಯಾಟರಿಯ ತುದಿಯ ಲಗ್ಗುಗಳದ್ದು, ಅಂದರೆ ತಂತಿಯನ್ನು ಬ್ಯಾಟರಿಗೆ ಬಿಗಿಯುವ ಲೋಹದ ಕೊಂಡಿಗಳದ್ದು. ಇನ್ವರ್ಟರ್ ಕೆಟ್ಟಿದೆಯೆಂದು ಬರುವ ಕರೆಗಳಲ್ಲಿ ಅನೇಕವು ಇಲ್ಲಿಯೇ ಬಗೆಹರಿಯುತ್ತವೆ. 12 ವೋಲ್ಟಿನ ಜೋಡಣೆಯಲ್ಲಿ 1000 ವಾಟಿನ ಹೊರೆ ಹಾಕಿದಾಗ ಬ್ಯಾಟರಿಯ ತಂತಿಯಲ್ಲಿ ಹೆಚ್ಚುಕಡಿಮೆ 100 ಆಂಪಿಯರ್ ಹರಿಯುತ್ತದೆ. ಲಗ್ಗು ಸಡಿಲವಾಗಿಯೋ, ಬಿಳಿ ಹಸಿರು ಪುಡಿ ಕಟ್ಟಿಯೋ ಆ ಕೂಡಿಕೆಯಲ್ಲಿ 10 ಮಿಲಿಓಮ್‌ನಷ್ಟು ತಡೆ ಉಂಟಾದರೆ ಸಾಕು, ಅಲ್ಲಿಯೇ 1 ವೋಲ್ಟ್ ಇಳಿದು 100 ವಾಟಿನಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಇನ್ವರ್ಟರಿಗೆ 11 ಮಾತ್ರ ಕಾಣುವುದರಿಂದ ಅದು ಬ್ಯಾಟರಿ ಖಾಲಿಯೆಂದು ಕೂಗಿ ನಿಲ್ಲುತ್ತದೆ. ಹೊಸ ಇನ್ವರ್ಟರ್ ತಂದರೂ ಈ ತೊಂದರೆ ಹೋಗದು. ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ, ಬೋಲ್ಟು ಬಿಗಿ ಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಹೋಗುತ್ತದೆ.

ಹಾಗಾಗಿ ನಮ್ಮನ್ನು ಕರೆಯುವ ಮೊದಲು ಕೆಲವನ್ನು ತಾವೇ ನೋಡಿಕೊಳ್ಳಬೇಕೆಂದು ವಿನಂತಿ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಇನ್ವರ್ಟರನ್ನೂ ಆರಿಸಿ, ಐದು ನಿಮಿಷ ಬಿಟ್ಟು ಹೊರೆಯಿಲ್ಲದೆ ಹಚ್ಚಿ ನೋಡಿ. ಹೊರೆ ಹೆಚ್ಚಾಗಿ ನಿಂತಿದ್ದರೆ ಹೀಗೆ ಮಾಡಿದಾಗ ಮತ್ತೆ ಹತ್ತುತ್ತದೆ. ಪಂಪು, ಮಿಕ್ಸಿಗಳಂತಹ ಮೋಟಾರುಗಳು ಹೊರಡುವಾಗ ತಮ್ಮ ಸಾಮಾನ್ಯ ಹೊರೆಯ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ, ಎರಡನ್ನು ಒಟ್ಟಿಗೆ ಹಚ್ಚಿದ್ದು ಕಾರಣವಾಗಿರಬಹುದು. ಆಮೇಲೆ, ಜೋಡಣೆಯ ಸಮಯದಲ್ಲಿ ಕೊಟ್ಟಿರುವ ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜ್ ನೋಡಬೇಕು. ಹೊರೆಯಾಗಲಿ ಬಿಸಿಲಿನ ಚಾರ್ಜಾಗಲಿ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ಕ್ಕಿಂತ ಮೇಲೆ ತೋರಿಸುತ್ತದೆ. 11.8ರ ಆಸುಪಾಸಿಗೆ ಇಳಿದಿದ್ದರೆ ಬ್ಯಾಟರಿಯೇ ಖಾಲಿಯಾಗಿದೆ ಎಂದರ್ಥ, ಇನ್ವರ್ಟರಿನ ತಪ್ಪಿಲ್ಲ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಾಮ್ರದ ಎಳೆ ಸುತ್ತಿ ನಡೆಸುವುದರಿಂದ ಮನೆಗೆ ಬೆಂಕಿ ಬೀಳುವ ಅಪಾಯವಿದೆ. ಎರಡನೆಯ ಸಲವೂ ಫ್ಯೂಸ್ ಹೋದರೆ ಅಲ್ಲಿಗೆ ನಿಲ್ಲಿಸಿ ನಮಗೆ ತಿಳಿಸಿ.

ಬ್ಯಾಟರಿಯ ಬಳಿ ಕೈಹಾಕುವ ಮೊದಲು ಬಳೆ, ಉಂಗುರ, ವಾಚುಗಳನ್ನು ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿರಬೇಕು. ಬೀಡಿ, ದೀಪ, ಊದುಬತ್ತಿ ಹತ್ತಿರ ಇರಬಾರದು. ಬಿಡಿಸುವಾಗ ಇನ್ವರ್ಟರಿನ ಸ್ವಿಚ್ಚು, ಆಮೇಲೆ ಸೋಲಾರ್ ಪ್ಲೇಟಿನ ಸ್ವಿಚ್ಚು, ಕೊನೆಗೆ ಬ್ಯಾಟರಿಯ ನೆಗೆಟಿವ್ ತಂತಿ. ಜೋಡಿಸುವಾಗ ಇದಕ್ಕೆ ತಿರುವುಮುರುವು, ಅಂದರೆ ಬ್ಯಾಟರಿ ಮೊದಲು, ಪ್ಲೇಟು ನಂತರ. 12 ವೋಲ್ಟಿನದೆಂದು ಕರೆಯುವ ಪ್ಲೇಟು ಹೊರೆಯಿಲ್ಲದಾಗ 21-22 ವೋಲ್ಟ್ ಕೊಡುವುದರಿಂದ, ಪ್ಲೇಟಿನಿಂದ ಬ್ಯಾಟರಿ ತುಂಬುವುದನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರಿಗೆ, ಬ್ಯಾಟರಿ ಇಲ್ಲದಿರುವಾಗ, ಬಿಸಿಲಿನ ಕರೆಂಟ್ ನುಗ್ಗಿದರೆ ಅದೂ ಹಾಳಾಗಬಹುದು.

ಜನರೇಟರ್ ಇರುವವರಿಗೆ ಒಂದು ಮಾತು. ಇನ್ವರ್ಟರ್ ನಿಂತಿತೆಂದು ಜನರೇಟರಿನ ವೈರನ್ನು ಮನೆಯ ಯಾವುದೋ ಪ್ಲಗ್ಗಿಗೆ ಚುಚ್ಚಿ ದೀಪ ಹೊತ್ತಿಸಿಕೊಂಡರೆ, ಆ ಕರೆಂಟ್ ಹಿಂದಿನಿಂದ ಇನ್ವರ್ಟರಿಗೆ ನುಗ್ಗಿ, ಸಣ್ಣ ದೋಷದಲ್ಲಿ ಮುಗಿಯಬಹುದಾಗಿದ್ದದ್ದು ಪೂರ್ತಿ ಸುಟ್ಟುಹೋಗುತ್ತದೆ. ಮನೆಯ ಲೈನನ್ನು ಒಮ್ಮೆಗೆ ಇನ್ವರ್ಟರಿಗೆ ಇಲ್ಲವೆ ಜನರೇಟರಿಗೆ ಮಾತ್ರ ಕೂಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದ ಮನೆಗೆ ಬದಲಿ ಇನ್ವರ್ಟರ್ ಕೊಡುವ ಮೊದಲು ಆ ಸ್ವಿಚ್ಚನ್ನು ಹಾಕಿಸುವುದು ಕಡ್ಡಾಯ.

ಈಗ ಡಿ.ಸಿ. ದೀಪದ ಲೈನಿನ ವಿಷಯ. ನಮ್ಮ ಮಟ್ಟಿಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇನ್ವರ್ಟರ್ ಎಷ್ಟೇ ಒಳ್ಳೆಯದಾದರೂ ಒಂದು ದಿನ ಕೆಡುತ್ತದೆ. ಅದು ಕೆಟ್ಟ ರಾತ್ರಿಯೂ ಮನೆಯಲ್ಲಿ ದೀಪ ಇರಬೇಕು. ಅಡುಗೆಮನೆ, ನಡುಮನೆ, ಬಚ್ಚಲಿನ ದಾರಿ, ಈ ಮೂರು ಕಡೆ 5 ವಾಟಿನ ಒಂದೊಂದು ಡಿ.ಸಿ. ಎಲ್‌ಇಡಿ ದೀಪ 5 ಗಂಟೆ ಉರಿದರೆ ದಿನಕ್ಕೆ ಖರ್ಚಾಗುವುದು 75 ವಾಟ್ ಅವರ್ ಮಾತ್ರ. 12 ವೋಲ್ಟಿನ 150 ಎ.ಎಚ್. (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಒಟ್ಟು 1800 ವಾಟ್ ಅವರ್ ಇರುವುದರಿಂದ, ಅದರ ಅರ್ಧವನ್ನಷ್ಟೇ ಬಳಸಿದರೂ, ಒಂದಿಷ್ಟೂ ಬಿಸಿಲು ಬಾರದೆ 12 ರಾತ್ರಿ ಬೆಳಕಿರುತ್ತದೆ. ಇದಕ್ಕೆ ಹೋಲಿಸಿದರೆ, ಯಾವ ಹೊರೆಯೂ ಇಲ್ಲದೆ ಸುಮ್ಮನೆ ಹಚ್ಚಿಟ್ಟ ಇನ್ವರ್ಟರ್ 15 ವಾಟ್ ತಿಂದರೂ ದಿನಕ್ಕೆ 360 ವಾಟ್ ಅವರ್ ಹೋಗುತ್ತದೆ. ಮಳೆಗಾಲದಲ್ಲಿ ಮಲಗುವಾಗ ಇನ್ವರ್ಟರ್ ಆರಿಸಿ ಡಿ.ಸಿ. ದೀಪದಲ್ಲಿ ರಾತ್ರಿ ಕಳೆಯುವ ರೂಢಿಯಿಂದ ಬ್ಯಾಟರಿಗೂ ಒಳ್ಳೆಯದಾಗುತ್ತದೆ. ಎರಡು ಬ್ಯಾಟರಿಗಳ 24 ವೋಲ್ಟಿನ ಜೋಡಣೆ ಇರುವವರು ಒಂದೇ ಬ್ಯಾಟರಿಯಿಂದ 12 ವೋಲ್ಟಿನ ದೀಪಕ್ಕೆ ತಂತಿ ಎಳೆದುಕೊಳ್ಳಬಾರದು. ಹಾಗೆ ಮಾಡಿದರೆ ಒಂದು ಸದಾ ಅರೆಹೊಟ್ಟೆಯಲ್ಲಿ, ಇನ್ನೊಂದು ಅತಿಯಾಗಿ ತುಂಬಿ, ಎರಡೂ ಬೇಗ ಹಾಳಾಗುತ್ತವೆ. ಅವರಿಗೆ 24 ವೋಲ್ಟಿನ ದೀಪಗಳನ್ನೇ ಕೊಡಲಾಗುವುದು.

ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ ಒಂದೇ ಪೆಟ್ಟಿಗೆಯಲ್ಲಿರುವ ಮಾದರಿಯನ್ನು ಹೊಸ ಜೋಡಣೆಗಳಿಗೆ ನಾವು ಇನ್ನು ಕೊಡುವುದಿಲ್ಲ. ನೋಡುವುದಕ್ಕೆ ಅಚ್ಚುಕಟ್ಟಾಗಿದ್ದರೂ, ಆ ಪೆಟ್ಟಿಗೆ ಕೆಟ್ಟಾಗ ಬಿಸಿಲಿನಿಂದ ಬ್ಯಾಟರಿ ತುಂಬುವುದೂ ನಿಂತುಹೋಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ವಾರಗಟ್ಟಲೆ ಕುಳಿತರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ರಿಪೇರಿಯಾಗಿ ಬಂದ ಇನ್ವರ್ಟರಿಗೆ ಹೊಸ ಬ್ಯಾಟರಿಯನ್ನೂ ಕೊಳ್ಳುವ ಪರಿಸ್ಥಿತಿ ಬರುತ್ತದೆ. ಈಗಾಗಲೇ ಅಂತಹ ಪೆಟ್ಟಿಗೆ ಇರುವ ಮನೆಗಳಿಗೆ ಬದಲಿ ಇನ್ವರ್ಟರಿನ ಜೊತೆ ಪ್ರತ್ಯೇಕ ಚಾರ್ಜ್ ಕಂಟ್ರೋಲರನ್ನೂ ತಂದು ಜೋಡಿಸಲಾಗುವುದು.

ಬದಲಿ ಇನ್ವರ್ಟರಿಗೆ ಮೊದಲ 30 ದಿನ ಬಾಡಿಗೆ ಇಲ್ಲ. ಆ ಅವಧಿಯಲ್ಲಿ ನಮ್ಮ ಕಡೆಯಿಂದ ರಿಪೇರಿ ಮುಗಿಯದಿದ್ದರೆ ಮುಂದೆಯೂ ಬಾಡಿಗೆ ಇರುವುದಿಲ್ಲ. ಸದಸ್ಯರಿಂದ ಠೇವಣಿ ಪಡೆಯುವುದಿಲ್ಲ. ಸದಸ್ಯರಲ್ಲದ ಗ್ರಾಹಕರಿಂದ ಪಡೆದ ಠೇವಣಿಯನ್ನು ಇನ್ವರ್ಟರ್ ಹಿಂದಿರುಗಿಸಿದ ದಿನವೇ ಮರಳಿಸಲಾಗುವುದು. ರಿಪೇರಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮೀರುವಂತಿದ್ದರೆ ಅದನ್ನು ಬರವಣಿಗೆಯಲ್ಲಿ ತಿಳಿಸಿ, ತಮ್ಮ ಒಪ್ಪಿಗೆ ಬಂದ ಮೇಲಷ್ಟೇ ಕೆಲಸಕ್ಕೆ ಕೈಹಾಕುತ್ತೇವೆ. ಬದಲಿಸಿದ ಬಿಡಿಭಾಗಗಳನ್ನು ತಮಗೆ ತೋರಿಸಲಾಗುವುದು. ಸದ್ಯಕ್ಕೆ 12 ಮತ್ತು 24 ವೋಲ್ಟಿನ ಬದಲಿ ಇನ್ವರ್ಟರುಗಳು ಮಾತ್ರ ಸಂಘದಲ್ಲಿವೆ. 48 ವೋಲ್ಟಿನ ಜೋಡಣೆ ಇರುವ ಕೆಲವೇ ಮನೆಗಳವರೊಂದಿಗೆ ನಾವು ಪ್ರತ್ಯೇಕವಾಗಿ ಮಾತನಾಡುತ್ತೇವೆ. ಹಳೆಯ ಬ್ಯಾಟರಿಗಳನ್ನು ಗುಜರಿಯವರಿಗೆ ಕೊಡದೆ ಸಂಘಕ್ಕೇ ತರಬೇಕೆಂದು ಕೋರುತ್ತೇವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅವುಗಳನ್ನು ಮರುಬಳಕೆಗೆ ಕಳಿಸಿ, ಅವುಗಳ ಬೆಲೆಯನ್ನು ತಮ್ಮ ಲೆಕ್ಕಕ್ಕೆ ಜಮಾ ಮಾಡಲಾಗುವುದು.

ದೂರು ಕೊಡುವಾಗ ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ, ಇನ್ವರ್ಟರಿನ ಮೇಲೆ ಯಾವ ದೀಪ ಉರಿಯುತ್ತಿದೆ, ನಿಲ್ಲುವ ಹೊತ್ತಿಗೆ ಏನು ಹಚ್ಚಲಾಗಿತ್ತು, ಹಿಂದಿನ ದಿನ ಸಿಡಿಲು ಇತ್ತೇ ಎಂಬ ನಾಲ್ಕು ವಿಷಯಗಳನ್ನು ಹೇಳಿದರೆ ತಂತ್ರಜ್ಞರು ಬೇಕಾದ ಸಾಮಾನನ್ನು ಮೊದಲ ಸಲಕ್ಕೇ ಹೊತ್ತು ತರಬಹುದು. ಫೋನಿನ ಸಿಗ್ನಲ್ ಸಿಗದ ಊರಿನವರು ಹಾಲಿನ ಡೇರಿಯಲ್ಲಿ ಇಟ್ಟಿರುವ ನಮ್ಮ ದೂರು ಪುಸ್ತಕದಲ್ಲಿ ಬರೆದಿಡಬಹುದು. ಅದನ್ನು ಪ್ರತಿದಿನ ಬೆಳಿಗ್ಗೆ ನೋಡಲಾಗುತ್ತದೆ. ಡಿ.ಸಿ. ಲೈನ್ ಹಾಕಿಸಿಕೊಳ್ಳಬಯಸುವವರು ಮೇ 20ರೊಳಗೆ ಹೆಸರು ಬರೆಸಿದರೆ, ದಾರಿಗಳು ಕೆಸರಾಗುವ ಮೊದಲೇ ಕೆಲಸ ಮುಗಿಸಿಕೊಡಬಹುದು. ದೋಣಿಯಲ್ಲಿ ದಾಟಿ ಹೋಗಬೇಕಾದ ಮನೆಗಳಿಗೆ ಮೊದಲ ಆದ್ಯತೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)